ಹಳೆಯ ಇಂಗ್ಲಿಷ್ ಕಾದಂಬರಿಗಳ ಗಾಥಿಕ್ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಸಾಹಿತ್ಯವನ್ನು ಪಠ್ಯವಾಗಿ ಓದುವವರೂ ಬರಿಯ ಸಂತೋಷಕ್ಕಾಗಿ ಓದುವವರೂ ‘ಜೇನ್ ಏರ್’, ‘ವುದರಿಂಗ್ ಹೈಟ್ಸ್’, ‘ಡ್ರಾಕುಲಾ’ ಮುಂತಾದ ಕಾದಂಬರಿಗಳಿಗೆ ಬಂದಾಗ ಹೆಚ್ಚುಕಡಿಮೆ ಒಂದೇ ಬಗೆಯ ಸಂದೇಹಗಳನ್ನು ಕೇಳುತ್ತಾರೆ. ಮನೆಯೊಂದರ ವರ್ಣನೆಗೆ ಇಷ್ಟೊಂದು ಪುಟಗಳೇಕೆ, ಅವನ್ನು ಹಾರಿಸಿ ಓದಿದರೆ ಏನು ನಷ್ಟ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಹಾರಿಸಬಾರದು ಎಂಬುದು ನನ್ನ ಖಚಿತ ನಿಲುವು. ಯಾವ ಕೋಣೆಗೆ ಯಾರು ಹೋಗಬಹುದು, ಯಾವ ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದರಲ್ಲೇ ಈ ಕಾದಂಬರಿಗಳ ಕಥೆ ಬಹುಪಾಲು ಅಡಗಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಕಥೆಗಳ ಅಂತ್ಯವನ್ನೂ ಹೇಳಿರುವುದರಿಂದ, ಇನ್ನೂ ಓದದವರು ಅದನ್ನು ಗಮನದಲ್ಲಿಟ್ಟುಕೊಳ್ಳಬೇಕು.

‘ಗಾಥಿಕ್’ ಎಂಬುದು ಕಟ್ಟಡದ ಶೈಲಿಯೋ, ಕಾದಂಬರಿಯ ಪ್ರಕಾರವೋ?

ಎರಡಕ್ಕೂ ಅದೇ ಹೆಸರು, ಆದರೆ ಕಟ್ಟಡ ಹಿರಿಯದು. ಪ್ಯಾರಿಸ್ ಸಮೀಪದ ಸೇಂಟ್ ಡೆನಿಸ್ ಮಠದ ದೇಗುಲದಲ್ಲಿ ಮಠಾಧಿಪತಿ ಸೂಜೆ ಕಟ್ಟಿಸಿದ ಹೊಸ ಭಾಗ 1144ರಲ್ಲಿ ಪ್ರತಿಷ್ಠೆಗೊಂಡಿತು. ಈ ಶೈಲಿಯ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದ ಗುರುತಿಸುತ್ತಾರೆ. ತುದಿ ಚೂಪಾದ ಕಮಾನು, ಪಕ್ಕೆಲುಬುಗಳಂತೆ ಹರಡಿದ ಕಲ್ಲಿನ ಪಟ್ಟಿಗಳ ಮೇಲೆ ನಿಂತ ಛಾವಣಿ, ಗೋಡೆಯ ಭಾರವನ್ನು ಹೊರಗಿನಿಂದ ಆತುಕೊಳ್ಳುವ ಊರೆಗಮಾನು, ಈ ಮೂರೂ ಸೇರಿದಾಗ ಗೋಡೆ ಭಾರ ಹೊರುವ ಕೆಲಸದಿಂದ ಬಹುಮಟ್ಟಿಗೆ ಬಿಡುಗಡೆ ಹೊಂದಿತು. ಅಲ್ಲಿ ಬಣ್ಣದ ಗಾಜಿನ ದೊಡ್ಡ ಕಿಟಕಿಗಳನ್ನು ಇಡಲು ಸಾಧ್ಯವಾಯಿತು. ಎಂದರೆ ಮೂಲ ಗಾಥಿಕ್ ಶೈಲಿ ಹುಟ್ಟಿದ್ದು ಬೆಳಕನ್ನು ಒಳಗೆ ತರುವ ಹಂಬಲದಿಂದ. ಅದೇ ಹೆಸರು ಆರು ಶತಮಾನಗಳ ನಂತರ ಕತ್ತಲೆಯ ಕಥೆಗಳಿಗೆ ಅಂಟಿಕೊಂಡಿತು ಎಂಬುದನ್ನು ಓದುಗರು ಮರೆಯಬಾರದು.

ಹೆಸರು ಮೊದಲು ಬೈಗುಳವಾಗಿತ್ತು. ಗ್ರೀಕ್ ಮತ್ತು ರೋಮನ್ ಮಾದರಿಗಳನ್ನೇ ಆದರ್ಶವೆಂದು ನಂಬಿದ್ದ ಇಟಲಿಯ ಪುನರುಜ್ಜೀವನ ಕಾಲದವರು, ಅವರಲ್ಲಿಯೂ 16ನೆಯ ಶತಮಾನದ ಕಲಾಚರಿತ್ರಕಾರ ವಸಾರಿ, ಮಧ್ಯಯುಗದ ಈ ಕಟ್ಟಡಗಳನ್ನು ರೋಮನ್ನು ಹಾಳುಮಾಡಿದ ಗಾಥರ ತಲೆಗೆ ಕಟ್ಟಿದರು. ಗಾಥ್ ಜನಾಂಗಕ್ಕೂ ಈ ಕಮಾನುಗಳಿಗೂ ವಾಸ್ತವದಲ್ಲಿ ಸಂಬಂಧವಿಲ್ಲ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಗಾಥಿಕ್’ ಎಂದರೆ ಮಧ್ಯಯುಗದ್ದು, ಒರಟು, ಮೂಢನಂಬಿಕೆಯ ಕಾಲದ್ದು ಎಂಬ ಅರ್ಥವಿತ್ತು. ಆ ಅರ್ಥದಲ್ಲಿಯೇ ಅದು ಕಾದಂಬರಿಗೂ ಬಂತು.

ಮೊದಲ ಗಾಥಿಕ್ ಕಾದಂಬರಿಯ ಹಿಂದೆ ನಿಜವಾದ ಒಂದು ಮನೆ ಇತ್ತೇ?

ಇತ್ತು, ಇಂದಿಗೂ ಇದೆ. ಆ ಕಾದಂಬರಿಯ ಲೇಖಕ ಹೊರೇಸ್ ವಾಲ್‌ಪೋಲ್ 1747ರಲ್ಲಿ ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ದಂಡೆಯ ಟ್ವಿಕನ್‌ಹ್ಯಾಮ್‌ನಲ್ಲಿ ಒಂದು ಚಿಕ್ಕ ಮನೆಯನ್ನು ಹಿಡಿದನು. ಅದಕ್ಕೆ ಸ್ಟ್ರಾಬೆರಿ ಹಿಲ್ ಎಂದು ಹೆಸರಿಟ್ಟು, ಮುಂದಿನ ದಶಕಗಳಲ್ಲಿ ಬುರುಜು, ತೆನೆಗೋಡೆ (ತುದಿ ಹಲ್ಲುಹಲ್ಲಾದ ಕೋಟೆಗೋಡೆ), ಚೂಪು ಕಮಾನಿನ ಕಿಟಕಿ, ಬಣ್ಣದ ಗಾಜುಗಳನ್ನು ಒಂದೊಂದಾಗಿ ಸೇರಿಸುತ್ತ ಪುಟ್ಟ ಕೋಟೆಯಾಗಿ ಮಾರ್ಪಡಿಸಿದನು. ಅಲ್ಲಿನ ಉದ್ದನೆಯ ಹಜಾರದ ಛಾವಣಿ ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿರುವ ಏಳನೆಯ ಹೆನ್ರಿಯ ಪ್ರಾರ್ಥನಾ ಮಂದಿರದ ಕಲ್ಲಿನ ಛಾವಣಿಯ ಅನುಕರಣೆ. ಆದರೆ ವಾಲ್‌ಪೋಲನ ಛಾವಣಿ ಕಲ್ಲಿನದಲ್ಲ; ನೆನೆಸಿದ ಕಾಗದದ ಮುದ್ದೆಯಿಂದ ಅಚ್ಚು ಹೊಯ್ದು ಚಿನ್ನದ ಬಣ್ಣ ಬಳಿದದ್ದು. ಸಂತರ ಸಮಾಧಿಯ ಮಾದರಿಯನ್ನು ಬೆಂಕಿಗೂಡಿಗೆ ಬಳಸಲೂ ಅವನು ಹಿಂಜರಿಯಲಿಲ್ಲ.

1764ರ ಜೂನ್ ತಿಂಗಳ ಒಂದು ಬೆಳಗ್ಗೆ ಅವನು ಕನಸಿನಿಂದ ಎಚ್ಚೆತ್ತನು. ಪುರಾತನ ಕೋಟೆಯೊಂದರ ದೊಡ್ಡ ಮೆಟ್ಟಿಲಿನ ತುತ್ತತುದಿಯ ಕಟಕಟೆಯ ಮೇಲೆ ಉಕ್ಕಿನ ಕವಚ ತೊಟ್ಟ ದೈತ್ಯ ಕೈಯೊಂದನ್ನು ಕಂಡದ್ದಷ್ಟೇ ನೆನಪಿತ್ತು ಎಂದು ಮರುವರ್ಷ ಗೆಳೆಯ ವಿಲಿಯಂ ಕೋಲ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಅಂದು ಸಂಜೆಯೇ ಬರೆಯತೊಡಗಿದ ಕೃತಿ ‘ದ ಕ್ಯಾಸಲ್ ಆಫ್ ಒಟ್ರಾಂಟೊ’. 1764ರ ಡಿಸೆಂಬರಿನಲ್ಲಿ ಅದು ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದವೆಂಬ ಸೋಗಿನಲ್ಲಿ ಪ್ರಕಟವಾಯಿತು. ಅದರ ಎರಡನೆಯ ಮುದ್ರಣಕ್ಕೆ, 1765ರಲ್ಲಿ, ಅವನು ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆ ಕೊಟ್ಟನು. ಮುಂದಿನ ಎಲ್ಲದರ ಬೀಜವೂ ಅಲ್ಲಿದೆ: ಅನ್ಯಾಯವಾಗಿ ಕೈಸೇರಿದ ಕೋಟೆ, ನಿಜವಾದ ವಾರಸುದಾರ, ತಪ್ಪಿಸಿಕೊಳ್ಳಲು ನೆಲದಡಿಯ ಹಾದಿ ಹಿಡಿಯುವ ಹೆಣ್ಣು. ಇಸಬೆಲ್ಲಾಳ ಕೈಯ ದೀಪ ಗಾಳಿಗೆ ಆರಿಹೋಗುತ್ತದೆ. ನೆಲಬಾಗಿಲಿನ ಬೀಗವನ್ನು ಕತ್ತಲೆಯಲ್ಲಿ ತಡಕಾಡುವಾಗ ಮೇಲಿನ ಬಿರುಕಿನಿಂದ ಇಳಿದ ಬೆಳದಿಂಗಳ ಒಂದು ಎಳೆ ನೇರವಾಗಿ ಆ ಬೀಗದ ಮೇಲೆ ಬೀಳುತ್ತದೆ. ಕೃತಿಯ ದೈತ್ಯ ಶಿರಸ್ತ್ರಾಣ ಇಂದು ಯಾರನ್ನೂ ಹೆದರಿಸಲಾರದು. ಆ ಬೀಗವನ್ನು ಹುಡುಕುವ ಗಳಿಗೆ ಈಗಲೂ ಉಸಿರು ಹಿಡಿಸುತ್ತದೆ.

ಪಾಳುಬಿದ್ದ ಮಠಗಳೇ ಈ ಕಥೆಗಳಲ್ಲಿ ಮತ್ತೆ ಮತ್ತೆ ಬರುವುದೇಕೆ?

ಇಂಗ್ಲೆಂಡಿನಲ್ಲಿ ಅವು ಕಣ್ಣಿಗೆ ಕಾಣುವಂತೆ ಎಲ್ಲೆಡೆ ಇದ್ದವು. ಎಂಟನೆಯ ಹೆನ್ರಿ 1536ರಿಂದ 1540ರವರೆಗೆ ಸುಮಾರು 800 ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡನು. ಛಾವಣಿಯ ಸೀಸವನ್ನು ಕಿತ್ತು ಕರಗಿಸಿದರು, ಊರವರು ಕಲ್ಲು ಹೊತ್ತರು, ಉಳಿದದ್ದು ಮಳೆಗೆ ನೆನೆಯಿತು. ಫೌಂಟನ್ಸ್, ಟಿಂಟರ್ನ್, ವಿಟ್ಬಿ ಮಠಗಳ ಅವಶೇಷಗಳು ಹಾಗೆ ಉಂಟಾದವು. ಇನ್ನು ಕೆಲವು ಮಠಗಳು ಶ್ರೀಮಂತರ ವಾಸದ ಮನೆಗಳಾದವು. ಆದುದರಿಂದಲೇ ಇಂಗ್ಲಿಷ್ ಕಾದಂಬರಿಯಲ್ಲಿ ‘ಅಬಿ’ (ಮಠ) ಎಂಬ ಹೆಸರಿನ ಬಂಗಲೆಯಲ್ಲಿ ಸನ್ಯಾಸಿಗಳಿರುವುದಿಲ್ಲ, ಸಂಸಾರವಿರುತ್ತದೆ. ಇನ್ನೊಬ್ಬರದನ್ನು ಕಿತ್ತುಕೊಂಡು ಅದರಲ್ಲಿ ವಾಸಿಸುತ್ತಿದ್ದೇವೆ ಎಂಬ ಅಳುಕು ಅಂಥ ಮನೆಯ ಗೋಡೆಗಳಿಗೇ ಸೇರಿಹೋಗಿತ್ತು. ದೆವ್ವ ಬರಲು ಅಷ್ಟು ಸಾಕು.

ಇದರ ಜೊತೆಗೆ 1757ರಲ್ಲಿ ಚಿಂತಕ ಎಡ್ಮಂಡ್ ಬರ್ಕ್ ಭವ್ಯತೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಅಸ್ಪಷ್ಟತೆ, ವಿಸ್ತಾರ ಮತ್ತು ಕತ್ತಲೆಗಳು ಮನಸ್ಸಿನಲ್ಲಿ ಭೀತಿಯನ್ನು ಹುಟ್ಟಿಸಿ, ಅಪಾಯ ದೂರವಿದ್ದರೆ ಅದೇ ಭೀತಿ ಆನಂದವಾಗುತ್ತದೆ ಎಂದು ವಾದಿಸಿದ್ದನು. ಕಾದಂಬರಿಕಾರರಿಗೆ ಅದು ಒಳ್ಳೆಯ ಪಾಠವಾಯಿತು.

ಆನ್ ರಾಡ್‌ಕ್ಲಿಫ್ ಇಟಲಿಯನ್ನು ನೋಡದೆಯೇ ಇಟಲಿಯ ಕೋಟೆಯನ್ನು ಹೇಗೆ ಕಟ್ಟಿದಳು?

ಚಿತ್ರಗಳಿಂದ ಮತ್ತು ಪ್ರವಾಸಕಥನಗಳಿಂದ. 1794ರ ‘ದ ಮಿಸ್ಟರೀಸ್ ಆಫ್ ಉಡಾಲ್ಫೊ’ದಲ್ಲಿ ಕೋಟೆ ಮೊದಲು ಕಾಣಿಸುವುದು ಸೂರ್ಯಾಸ್ತದ ಹೊತ್ತಿಗೆ. ಬೆಳಕು ಗೋಡೆಯ ಬುಡದಿಂದ ಮೇಲೇರುತ್ತ ಆರುತ್ತದೆ. ಕೆಳಗೆಲ್ಲ ನೇರಳೆಯ ನೆರಳು ಆವರಿಸಿದ ಮೇಲೂ ತೆನೆಗಳ ತುದಿ ಮಾತ್ರ ಇನ್ನೂ ಹೊಳೆಯುತ್ತಿರುತ್ತದೆ; ಕೊನೆಗೆ ಅದೂ ನಂದಿ ಇಡೀ ಕಟ್ಟಡ ಒಂದು ಕಪ್ಪು ಆಕಾರವಾಗಿ ನಿಲ್ಲುತ್ತದೆ. ಮುಂದಿನ ನೂರು ವರ್ಷಗಳ ಎಷ್ಟೋ ಕಾದಂಬರಿಗಳಲ್ಲಿ ನಾಯಕಿ ಅಪರಿಚಿತ ಮನೆಯನ್ನು ತಲುಪುವ ರೀತಿ ಈ ಪುಟದ ಸಾಲವನ್ನು ಹೊತ್ತಿದೆ.

ಆದರೆ ರಾಡ್‌ಕ್ಲಿಫಳ ನಿಜವಾದ ಹೆಚ್ಚುಗಾರಿಕೆ ಇಷ್ಟು ದೊಡ್ಡ ನೋಟಗಳಲ್ಲಿಲ್ಲ, ಒಂದು ಅಗುಳಿಯಲ್ಲಿದೆ. ನಾಯಕಿ ಎಮಿಲಿಗೆ ಕೊಟ್ಟ ಮಲಗುವ ಕೋಣೆಗೆ ಎರಡು ಬಾಗಿಲು. ಎರಡನೆಯದು ಕಡಿದಾದ ಕಲ್ಲುಮೆಟ್ಟಿಲಿಗೆ ತೆರೆದುಕೊಳ್ಳುತ್ತದೆ. ಅದನ್ನು ಭದ್ರಪಡಿಸಲು ಹೋದಾಗ, ಕೋಣೆಯ ಕಡೆಗೆ ಅಗುಳಿಯೇ ಇಲ್ಲ, ಹೊರಗಡೆ ಮಾತ್ರ ಎರಡಿವೆ ಎಂಬುದು ಅವಳಿಗೆ ತಿಳಿಯುತ್ತದೆ. ಭಾರವಾದ ಕುರ್ಚಿಯೊಂದನ್ನು ಎಳೆದು ಅಡ್ಡ ಇಟ್ಟು ಮಲಗುತ್ತಾಳೆ. ಬೆಳಗ್ಗೆ ನೋಡಿದರೆ ರಾತ್ರಿ ಯಾರೋ ಹೊರಗಿನಿಂದ ಅಗುಳಿ ಹಾಕಿದ್ದಾರೆ. ಒಳಗಿರುವವಳಿಗೆ ಬಾಗಿಲು ಹಾಕಿಕೊಳ್ಳುವ ಅಧಿಕಾರವಿಲ್ಲ, ಹೊರಗಿರುವವನಿಗೆ ತೆರೆಯುವ, ಮುಚ್ಚುವ ಎರಡೂ ಅಧಿಕಾರಗಳಿವೆ. ಕೋಟೆಯ ಒಡೆಯ ಮಾಂಟೋನಿಗೆ ಬೇಕಾಗಿರುವುದು ಎಮಿಲಿಯ ಸೋದರತ್ತೆಯ ಜಮೀನು. ಅವಳನ್ನು ಮದುವೆಯಾಗಿ, ಸಹಿ ಹಾಕದಿದ್ದಾಗ ಬುರುಜಿನಲ್ಲಿ ಕೂಡಿಹಾಕುತ್ತಾನೆ, ಅವಳು ಸಾಯುತ್ತಾಳೆ. ಆ ಕಾಲದ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಂಗಸಿನ ಆಸ್ತಿ ಬಹುಮಟ್ಟಿಗೆ ಗಂಡನ ಹಿಡಿತಕ್ಕೆ ಹೋಗುತ್ತಿತ್ತು. 1870ರ ಮತ್ತು 1882ರ ಕಾಯಿದೆಗಳು ಬರುವವರೆಗೆ ಅದು ಬದಲಾಗಲಿಲ್ಲ. ಇಟಲಿಯ ಬೆಟ್ಟದ ಮೇಲೆ, 16ನೆಯ ಶತಮಾನದಲ್ಲಿ ನಡೆಯುವ ಕಥೆ ಎಂದು ಹೇಳಿಕೊಂಡು ರಾಡ್‌ಕ್ಲಿಫ್ ತನ್ನ ಓದುಗರ ಸ್ವಂತ ಮನೆಯ ಮಾತನ್ನೇ ಬರೆದಿದ್ದಳು.

ಕಾದಂಬರಿಯ ಪ್ರಸಿದ್ಧ ಕಪ್ಪು ಪರದೆಯ ಹಿಂದೆ ಇದ್ದದ್ದು ಶವವಲ್ಲ, ಮೇಣದ ಬೊಂಬೆ ಎಂದು ಕೊನೆಯಲ್ಲಿ ತಿಳಿದಾಗ ಹಲವರಿಗೆ ನಿರಾಸೆಯಾಗುತ್ತದೆ. ಆದರೆ ಅವಳ ಕೃತಿಯಲ್ಲಿ ದೆವ್ವಗಳೆಲ್ಲ ಸುಳ್ಳಾಗಿ, ಅಗುಳಿ ಮಾತ್ರ ನಿಜವಾಗಿ ಉಳಿಯುತ್ತದೆ ಎಂಬುದನ್ನು ಗಮನಿಸಬೇಕು.

‘ನಾರ್ಥ್ಯಾಂಗರ್ ಅಬಿ’ ಈ ಕಥೆಗಳನ್ನು ಗೇಲಿ ಮಾಡುವ ಕೃತಿಯಲ್ಲವೇ?

ಅರ್ಧ ಮಾತ್ರ. ಜೇನ್ ಆಸ್ಟೆನ್ 1798-99ರ ಹೊತ್ತಿಗೆ ಬರೆದ, ಅವಳ ಮರಣಾನಂತರ 1817ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಕಾದಂಬರಿಯ ಕ್ಯಾಥರೀನ್, ಉಡಾಲ್ಫೊವನ್ನು ಓದಿ ಮೈಮರೆತವಳು. ಅಬಿಗೆ ಅತಿಥಿಯಾಗಿ ಬಂದಾಗ ಅಲ್ಲಿ ಕಿಟಕಿಯ ಚೂಪು ಕಮಾನು ಉಳಿದಿದೆ, ಆದರೆ ಗಾಜುಗಳು ದೊಡ್ಡವು, ಸ್ವಚ್ಛ, ಬೆಳಕು ತುಂಬಿದವು; ಬೆಂಕಿಗೂಡು ಆ ಕಾಲದ ಹೊಸ ರಮ್‌ಫರ್ಡ್ ಮಾದರಿಯದು. ಬಿರುಗಾಳಿಯ ರಾತ್ರಿ ಕಪ್ಪು ಕಪಾಟಿನಲ್ಲಿ ಸಿಕ್ಕ ಕಾಗದದ ಸುರುಳಿ ಬೆಳಗಿನ ಬೆಳಕಿನಲ್ಲಿ ಅಗಸರ ಲೆಕ್ಕದ ಚೀಟಿಯಾಗುತ್ತದೆ. ಮನೆಯ ಯಜಮಾನ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕೆಂಬ ಗುಮಾನಿಯಿಂದ ಆಕೆಯ ಕೋಣೆಗೆ ಕದ್ದು ಹೋದರೆ, ಅಲ್ಲಿ ಅಚ್ಚುಕಟ್ಟಾದ ಪೀಠೋಪಕರಣಗಳ ಮೇಲೆ ಪಡುವಣ ಬಿಸಿಲು ಬಿದ್ದಿರುತ್ತದೆ. ಅವಳು ನಾಚಿ ಅಳುತ್ತಾಳೆ.

ಇಲ್ಲಿಗೇ ಓದು ನಿಲ್ಲಿಸಿದರೆ ಗೇಲಿ ಎನ್ನಬಹುದು. ಆದರೆ ಕ್ಯಾಥರೀನ್ ತಾನೆಣಿಸಿದಷ್ಟು ಶ್ರೀಮಂತಳಲ್ಲ ಎಂದು ತಿಳಿದ ಕೂಡಲೇ ಅದೇ ಜನರಲ್ ಅವಳನ್ನು, ಜೊತೆಗೆ ಒಬ್ಬ ಆಳನ್ನೂ ಕಳುಹಿಸದೆ, 70 ಮೈಲಿ ದೂರದ ಊರಿಗೆ ಬೆಳಗಾಗುತ್ತಲೇ ಹೊರಡಿಸಿಬಿಡುತ್ತಾನೆ. ಕೊಲೆಯ ಕಲ್ಪನೆ ತಪ್ಪು, ಯಜಮಾನನ ಬಗೆಗಿನ ಅಂಜಿಕೆ ಸರಿ. ದೊಡ್ಡ ಕಿಟಕಿಗಳ ಹೊಸ ಮನೆಯಲ್ಲಿಯೂ ಬಾಗಿಲಿನ ಅಧಿಕಾರ ಯಾರದೆಂಬುದು ಬದಲಾಗಿಲ್ಲ ಎಂದು ಆಸ್ಟೆನ್ ರಾಡ್‌ಕ್ಲಿಫಳಿಗಿಂತ ನೇರವಾಗಿಯೇ ತೋರಿಸುತ್ತಾಳೆ.

‘ಜೇನ್ ಏರ್’ನ ಮೂರನೆಯ ಅಂತಸ್ತಿಗೆ ಅಷ್ಟು ಮಹತ್ವವೇಕೆ?

1847ರ ಈ ಕಾದಂಬರಿಯಲ್ಲಿ ಶಾರ್ಲೆಟ್ ಬ್ರಾಂಟೆ ಥಾರ್ನ್‌ಫೀಲ್ಡ್ ಮನೆಯನ್ನು ಕೆಳಗಿನಿಂದ ಮೇಲಕ್ಕೆ, ಕಾಲದಲ್ಲಿ ಹಿಂದಕ್ಕೆ ಹೋಗುವಂತೆ ಕಟ್ಟಿದ್ದಾಳೆ. ಕೆಳಗೆ ಅತಿಥಿಗಳ ಹಜಾರ. ಮೇಲೆ ಹೋದಂತೆ, ಫ್ಯಾಷನ್ ಬದಲಾದಾಗಲೆಲ್ಲ ಕೆಳಗಿನಿಂದ ಸಾಗಿಸಿದ ಹಳೆಯ ಮಂಚ, ಪೆಟ್ಟಿಗೆ, ಕುರ್ಚಿಗಳು ತುಂಬಿದ ಕತ್ತಲೆಯ ಕೋಣೆಗಳು. ಮನೆಗೆ ಬೇಡವಾದದ್ದು ಮೇಲಕ್ಕೆ ಹೋಗುತ್ತದೆ ಎಂಬ ನಿಯಮವನ್ನು ಲೇಖಕಿ ಮೊದಲು ಪೀಠೋಪಕರಣಗಳ ಮೂಲಕ ನಮಗೆ ಪರಿಚಯಿಸುತ್ತಾಳೆ. ಮನುಷ್ಯರಿಗೂ ಅದೇ ನಿಯಮವೆಂದು ನಮಗೆ ತಿಳಿಯುವುದು ನೂರಾರು ಪುಟಗಳ ನಂತರ.

ಮನೆಪಾಠದ ಶಿಕ್ಷಕಿಯಾಗಿ ಬಂದ ಜೇನ್ ಛಾವಣಿಯ ಮೇಲೆ ಹತ್ತಿ ದೂರದ ಬಯಲು, ಬೆಟ್ಟಗಳನ್ನು ನೋಡಿ ಇಳಿಯುತ್ತಾಳೆ. ಮನೆವಾರ್ತೆಯ ಶ್ರೀಮತಿ ಫೇರ್‌ಫ್ಯಾಕ್ಸ್ ನೆಲಬಾಗಿಲನ್ನು ಹಾಕಲು ಹಿಂದೆ ಉಳಿದಾಗ, ಜೇನ್ ಒಬ್ಬಳೇ ಕಿರಿದಾದ, ತಗ್ಗು ಛಾವಣಿಯ ಪಡಸಾಲೆಯಲ್ಲಿ ನಿಂತಿರುತ್ತಾಳೆ. ಕೊನೆಯಲ್ಲಿ ಒಂದೇ ಒಂದು ಚಿಕ್ಕ ಕಿಟಕಿ, ಎರಡೂ ಬದಿಗೆ ಮುಚ್ಚಿದ ಸಣ್ಣ ಕಪ್ಪು ಬಾಗಿಲುಗಳ ಸಾಲು. ಹೆಂಡಿರನ್ನು ಕೊಂದು ಕೋಣೆಯಲ್ಲಿಟ್ಟ ನೀಲಿಗಡ್ಡದವನ ಕೋಟೆಯಂತಿದೆ ಎಂದು ಅವಳೇ ಅಂದುಕೊಳ್ಳುತ್ತಾಳೆ. ಆ ಗಳಿಗೆಯಲ್ಲೇ ನಗು ಕೇಳುತ್ತದೆ. ಜೇನ್‌ಳೊಡನೆ ನಡೆಯಬೇಕಿದ್ದ ಮದುವೆ ಮುರಿದ ದಿನ ಮನೆಯ ಯಜಮಾನ ರಾಚೆಸ್ಟರ್ ಗೋಡೆಯ ಮೇಲಿನ ಚಿತ್ರಪರದೆಯನ್ನು ಸರಿಸಿ, ಅದರ ಹಿಂದಿನ ಬಾಗಿಲಿನ ಬೀಗ ತೆಗೆದಾಗ ಕಾಣುವ ಕೋಣೆಗೆ ಕಿಟಕಿಯೇ ಇಲ್ಲ. ಅವನ ಹೆಂಡತಿ ಬರ್ತಾ, ಜಮೈಕಾದಿಂದ 30,000 ಪೌಂಡ್ ವರದಕ್ಷಿಣೆಯೊಡನೆ ಬಂದವಳು, ವರ್ಷಗಳಿಂದ ಅಲ್ಲಿದ್ದಾಳೆ.

ಕಾದಂಬರಿಯ ಆರಂಭದಲ್ಲಿ ಹತ್ತು ವರ್ಷದ ಜೇನ್‌ಳನ್ನು ಅತ್ತೆಯ ಮನೆಯ ಕೆಂಪು ಕೋಣೆಯಲ್ಲಿ ಕೂಡಿಹಾಕಿದ್ದನ್ನು ಇಲ್ಲಿ ನೆನೆಯಬೇಕು. ಆ ಬೀಗದೊಳಗೆ ಕಿರುಚಿ ಮೂರ್ಛೆಹೋದ ಹುಡುಗಿಯೇ ಈಗ ಇನ್ನೊಂದು ಬೀಗದ ಹೊರಗೆ ನಿಂತಿದ್ದಾಳೆ, ಒಳಗಿನವಳು ಉನ್ಮತ್ತೆ ಎಂದು ನಂಬುತ್ತಾಳೆ. ಜೇನ್‌ಳಿಗೆ ಈ ಹೋಲಿಕೆ ಹೊಳೆಯಿತೇ ಎಂದು ಕೃತಿ ಹೇಳುವುದಿಲ್ಲ. ಆದರೆ ಎರಡು ಕೋಣೆಗಳನ್ನು ಎದುರುಬದುರು ಇಟ್ಟು ಓದಿದ ಮೇಲೆ ರಾಚೆಸ್ಟರನ ವಿವರಣೆಯನ್ನು ಮೊದಲಿನಷ್ಟು ಸುಲಭವಾಗಿ ಒಪ್ಪಲು ನನಗೆ ಎಂದೂ ಸಾಧ್ಯವಾಗಿಲ್ಲ.

‘ವುದರಿಂಗ್ ಹೈಟ್ಸ್’ ಒಂದು ರೈತನ ಮನೆ ಮಾತ್ರ. ಅದು ಹೇಗೆ ಗಾಥಿಕ್ ಆಗುತ್ತದೆ?

ಎಮಿಲಿ ಬ್ರಾಂಟೆ ಅದೇ 1847ರ ಕೊನೆಯಲ್ಲಿ ಪ್ರಕಟಿಸಿದ ಈ ಕೃತಿಯಲ್ಲಿ ಕೋಟೆಯ ಕೆಲಸವನ್ನು ಯಾರ್ಕ್‌ಶೈರ್‌ನ ಗಾಳಿ ಮಾಡುತ್ತದೆ. ಮನೆಯ ಕಿಟಕಿಗಳು ಇಕ್ಕಟ್ಟಾಗಿ, ಗೋಡೆಯೊಳಗೆ ಆಳವಾಗಿ ಕೂತಿವೆ, ಮೂಲೆಗಳಿಗೆ ದೊಡ್ಡ ಕಲ್ಲುಗಳ ರಕ್ಷಣೆ ಇದೆ, ಪಕ್ಕದ ಮರಗಳು ಗಾಳಿಗೆ ಒಂದೇ ಕಡೆ ಬಾಗಿವೆ. ಬಾಗಿಲಿನ ಮೇಲೆ ಸವೆದ ಕೆತ್ತನೆಗಳ ನಡುವೆ 1500 ಎಂಬ ಇಸವಿ ಮತ್ತು ‘ಹೇರ್ಟನ್ ಅರ್ನ್‌ಷಾ’ ಎಂಬ ಹೆಸರು. ಅದೇ ಹೆಸರಿನ ಹುಡುಗ, ಆ ಮನೆಯ ನ್ಯಾಯವಾದ ವಾರಸುದಾರ, ಅಕ್ಷರ ಬಾರದ ಆಳಾಗಿ ಒಳಗೇ ದುಡಿಯುತ್ತಿದ್ದಾನೆ. ತಲೆಯ ಮೇಲಿನ ಕಲ್ಲಿನಲ್ಲಿ ಬರೆದ ತನ್ನ ಹೆಸರನ್ನು ಓದಲು ಅವನಿಗೇ ಆಗುವುದಿಲ್ಲ. ಆ ಮನೆಯವರು ಸಾಕಿಕೊಂಡಿದ್ದ ಅನಾಥ ಹೀತ್‌ಕ್ಲಿಫ್ ಅಡಮಾನದ ಮೂಲಕ ಒಂದು ಮನೆಯನ್ನೂ, ಮಗನ ಮದುವೆಯ ಮೂಲಕ ಇನ್ನೊಂದು ಮನೆಯಾದ ಥ್ರಶ್‌ಕ್ರಾಸ್ ಗ್ರೇಂಜನ್ನೂ ಕೈವಶ ಮಾಡಿಕೊಳ್ಳುವ ಬಗೆಯನ್ನು ಲೇಖಕಿ ವಕೀಲರ ನಿಖರತೆಯಿಂದ ಬಿಡಿಸಿದ್ದಾಳೆ.

ಲಾಕ್‌ವುಡ್ ಎಂಬ ಬಾಡಿಗೆದಾರ ಮೊದಲು ಬಂದಾಗ ಹೊರಗೇಟಿಗೆ ಹೀತ್‌ಕ್ಲಿಫ್ ಅಡ್ಡ ನಿಂತಿರುತ್ತಾನೆ. ಮರುಸಲ ಹಿಮದಲ್ಲಿ ಬಂದಾಗ ಸರಪಳಿ ಬಿಗಿದಿರುತ್ತದೆ, ಅವನು ಹಾರಿ ಒಳಬರಬೇಕಾಗುತ್ತದೆ. ಆ ರಾತ್ರಿ ಕಿಟಕಿಗೆ ತಾಗಿದ ಮರದ ಗೂಡಿನಂಥ ಹಾಸಿಗೆಯಲ್ಲಿ ಮಲಗಿದ್ದಾಗ ಒಡೆದ ಗಾಜಿನೊಳಗಿನಿಂದ ತಣ್ಣನೆಯ ಪುಟ್ಟ ಕೈ ಅವನ ಕೈ ಹಿಡಿದು ಒಳಗೆ ಬಿಡು ಎಂದು ಅಳುತ್ತದೆ; ಅವನು ಆ ಕಿಂಡಿಗೆ ಪುಸ್ತಕಗಳನ್ನು ಒಟ್ಟಿ ಮುಚ್ಚುತ್ತಾನೆ. ಕೊನೆಯ ಬಾರಿ ಅವನು ಬರುವಾಗ, ಹೀತ್‌ಕ್ಲಿಫ್ ಸತ್ತ ಮೇಲೆ, ಗೇಟು ಕೈಯಿಟ್ಟ ಕೂಡಲೇ ತೆರೆದುಕೊಳ್ಳುತ್ತದೆ. ಬಾಗಿಲು ಕಿಟಕಿಗಳೆಲ್ಲ ತೆರೆದಿವೆ, ಹೂವಿನ ಪರಿಮಳ ಬರುತ್ತಿದೆ, ಹೇರ್ಟನ್ ಒಳಗೆ ಓದಲು ಕಲಿಯುತ್ತಿದ್ದಾನೆ. ಯಾವ ಗಾಥಿಕ್ ಕಾದಂಬರಿಯಲ್ಲಿಯೂ ಒಂದು ಗೇಟು ಇಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಈ ಮನೆಗಳನ್ನು ಇಂದು ಹೋಗಿ ನೋಡಬಹುದೇ?

ಮೂಲವೆಂದು ಹೇಳಲಾಗುವ ಕಟ್ಟಡಗಳಿವೆ, ಆದರೆ ಎಚ್ಚರಿಕೆ ಬೇಕು. ಡಾರ್ಬಿಶೈರ್‌ನ ಹ್ಯಾದರ್‌ಸೇಜ್ ಬಳಿ ತೆನೆಗೋಡೆಯ ನಾರ್ತ್ ಲೀಸ್ ಹಾಲ್ ಇದೆ. ಶಾರ್ಲೆಟ್ 1845ರಲ್ಲಿ ಆ ಊರಿಗೆ ಹೋಗಿದ್ದಳು, ಏರ್ ಎಂಬ ಮನೆತನದ ನಂಟೂ ಅದಕ್ಕುಂಟು. ರಿಪನ್ ಸಮೀಪದ ನಾರ್ಟನ್ ಕಾನ್ಯರ್ಸ್ ಮನೆಯಲ್ಲಿ ಹುಚ್ಚಿಯೊಬ್ಬಳನ್ನು ಅಟ್ಟದಲ್ಲಿಟ್ಟಿದ್ದರೆಂಬ ಐತಿಹ್ಯವಿತ್ತು. ಅಲ್ಲಿ ಅಟ್ಟಕ್ಕೆ ಹೋಗುವ ಮುಚ್ಚಿಹೋದ ಮೆಟ್ಟಿಲು 2004ರಲ್ಲಿ ಹಲಗೆಗೋಡೆಯ ಹಿಂದೆ ಸಿಕ್ಕಿತು. ಹಾವರ್ತ್ ಮೇಲಿನ ಬಯಲಿನಲ್ಲಿರುವ ಟಾಪ್ ವಿದೆನ್ಸ್ ಎಂಬ ಪಾಳುಮನೆಗೆ ವುದರಿಂಗ್ ಹೈಟ್ಸ್ ನೋಡಲೆಂದೇ ಜನ ನಡೆದು ಹೋಗುತ್ತಾರೆ. ಅಲ್ಲಿ ಬ್ರಾಂಟೆ ಸೊಸೈಟಿ 1964ರಲ್ಲಿ ಹಾಕಿಸಿದ ಫಲಕವೇ, ಈ ಕಟ್ಟಡ ಪೂರ್ತಿಯಾಗಿದ್ದಾಗಲೂ ಕಾದಂಬರಿಯ ಮನೆಯನ್ನು ಹೋಲುತ್ತಿರಲಿಲ್ಲ ಎಂದು ತಿಳಿಸುತ್ತದೆ.

ಡಿಕನ್ಸ್‌ನ ಪಟ್ಟಣದ ಮನೆಗಳನ್ನು ಗಾಥಿಕ್ ಎನ್ನಬಹುದೇ?

ಖಂಡಿತವಾಗಿ. ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ನ (1860-61) ಸ್ಯಾಟಿಸ್ ಹೌಸ್ ಹಳೆಯ ಇಟ್ಟಿಗೆ ಮನೆ, ಪಕ್ಕದಲ್ಲಿ ನಿಂತುಹೋದ ಬಿಯರ್ ಭಟ್ಟಿ. ಕೆಲವು ಕಿಟಕಿಗಳಿಗೆ ಗೋಡೆ ಕಟ್ಟಿದ್ದಾರೆ, ಉಳಿದವುಗಳಲ್ಲಿ ಕೆಳಗಿನವುಗಳಿಗೆಲ್ಲ ತುಕ್ಕು ಹಿಡಿದ ಕಂಬಿಗಳು. ಗೋಡೆ ಕಟ್ಟಿದ ಕಿಟಕಿ ಇಂಗ್ಲೆಂಡಿನವರಿಗೆ ಅಪರೂಪದ ನೋಟವಾಗಿರಲಿಲ್ಲ. 1696ರಿಂದ 1851ರವರೆಗೆ ಕಿಟಕಿಗಳ ಸಂಖ್ಯೆಯ ಮೇಲೆ ತೆರಿಗೆಯಿದ್ದು, ಅದನ್ನು ತಪ್ಪಿಸಲು ಜನ ಕಿಟಕಿಗಳನ್ನು ಮುಚ್ಚಿಸುತ್ತಿದ್ದರು. ಮನೆಯೊಡತಿ ಮಿಸ್ ಹ್ಯಾವಿಶಾಮ್ ಮುಚ್ಚಿದ್ದು ಬೇರೆ ಕಾರಣಕ್ಕೆ. ಮದುವೆಯ ದಿನ, ಸಂಬಂಧ ಮುರಿದ ವರನ ಪತ್ರ ಕೈಸೇರಿದ ಗಳಿಗೆಯಲ್ಲಿ, ಎಂಟು ಗಂಟೆ ನಲವತ್ತು ನಿಮಿಷಕ್ಕೆ, ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿ ಹಗಲಿನ ಬೆಳಕು ಬಾರದಂತೆ ಮಾಡಿದ್ದಾಳೆ. ಹಳೆಯ ಕಾದಂಬರಿಗಳಲ್ಲಿ ಗಂಡಸು ಹೆಂಗಸನ್ನು ಕೂಡಿಹಾಕುತ್ತಿದ್ದನು, ಇಲ್ಲಿ ಅವಳು ತನ್ನನ್ನು ತಾನೇ ಕೂಡಿಹಾಕಿಕೊಂಡು ಬೀಗದ ಕೈಗಳನ್ನು ಸಾಕುಮಗಳು ಎಸ್ಟೆಲ್ಲಾಳ ಕೈಗೆ ಕೊಟ್ಟಿದ್ದಾಳೆ. ಕಥಾನಾಯಕ ಪಿಪ್ ಮೊದಲ ಸಲ ಆ ಹುಡುಗಿಯನ್ನು ಕಾಣುವಾಗ ಅವಳು ಬೀಗದ ಕೈ ಹಿಡಿದೇ ಅಂಗಳ ದಾಟಿ ಬರುತ್ತಾಳೆ.

‘ಲಿಟಲ್ ಡಾರಿಟ್’ನ (1855-57) ಕ್ಲೆನಮ್ ಮನೆಗೆ ಹೊರಗಿನಿಂದ ದೊಡ್ಡ ಮರದ ಊರುಗೋಲುಗಳನ್ನು ಕೊಟ್ಟು ನಿಲ್ಲಿಸಲಾಗಿದೆ. ಕೆಲಸದ ಅಫ್ರಿಗೆ ಗೋಡೆಯೊಳಗಿನಿಂದ ವಿಚಿತ್ರ ಸದ್ದುಗಳು ಕೇಳುತ್ತಿರುತ್ತವೆ, ಎಲ್ಲರೂ ಅವಳನ್ನು ಗದರಿಸುತ್ತಾರೆ. ಕೊನೆಯಲ್ಲಿ ಮನೆ ಕುಸಿದಾಗ, ಅವಳು ದೆವ್ವವೆಂದುಕೊಂಡದ್ದು ತೊಲೆ ಗೋಡೆಗಳು ಸಡಿಲಗೊಳ್ಳುವ ಸದ್ದಾಗಿತ್ತು ಎಂದು ತಿಳಿಯುತ್ತದೆ.

ಕೋಟೆಯಿಲ್ಲದ ಲಂಡನ್ ನಗರದ ಗಾಥಿಕ್ ಹೇಗಿರುತ್ತದೆ?

ಸ್ಕಾಟ್ಲೆಂಡಿನ ಸ್ಟೀವನ್‌ಸನ್ 1886ರ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ ಕಥೆಯನ್ನು ಒಂದು ಬಾಗಿಲಿನಿಂದಲೇ ಆರಂಭಿಸಿದ್ದಾನೆ. ಚೊಕ್ಕಟವಾದ ಅಂಗಡಿಬೀದಿಯಲ್ಲಿ ಕಿಟಕಿಯೊಂದೂ ಇಲ್ಲದ ಕುರೂಪಿ ಗೋಡೆ, ಅದರಲ್ಲಿ ಬಣ್ಣ ಗುಳ್ಳೆಯೆದ್ದ, ಗಂಟೆಯೂ ಬಡಿಯುವ ಹಿಡಿಯೂ ಇಲ್ಲದ ಬಾಗಿಲು. ಸುತ್ತಿಬಳಸಿ ಇನ್ನೊಂದು ಬೀದಿಗೆ ಹೋದರೆ ಜೆಕಿಲ್‌ನ ಗೌರವಾನ್ವಿತ ಮನೆಯ ಮುಂಬಾಗಿಲು ಸಿಗುತ್ತದೆ. ಜೆಕಿಲ್ ಮತ್ತು ಹೈಡ್ ಒಬ್ಬನೇ ಮನುಷ್ಯನಾಗಿರುವಂತೆ, ಎರಡೂ ಒಂದೇ ಕಟ್ಟಡದ ಎರಡು ಕಡೆಗಳು ಎಂಬುದರಲ್ಲಿ ಇಡೀ ಕಥೆ ಅಡಗಿದೆ.

ಕಾದಂಬರಿಕಾರರಲ್ಲಿ ನಿಜವಾದ ವಾಸ್ತುಶಿಲ್ಪಿಗಳು ಯಾರಾದರೂ ಇದ್ದರೇ?

ಥಾಮಸ್ ಹಾರ್ಡಿ. 1856ರಲ್ಲಿ, 16ನೆಯ ವಯಸ್ಸಿಗೆ, ಡಾರ್ಚೆಸ್ಟರ್‌ನ ಜಾನ್ ಹಿಕ್ಸ್ ಎಂಬ ವಾಸ್ತುಶಿಲ್ಪಿಯ ಬಳಿ ಕೆಲಸ ಕಲಿಯಲು ಸೇರಿ, 1862ರಿಂದ ಲಂಡನ್ನಿನಲ್ಲಿ ಆರ್ಥರ್ ಬ್ಲಾಮ್‌ಫೀಲ್ಡ್‌ನ ಕಚೇರಿಯಲ್ಲಿ ದುಡಿದನು. ರೈಲು ಮಾರ್ಗಕ್ಕಾಗಿ ಸೇಂಟ್ ಪ್ಯಾಂಕ್ರಾಸ್ ಸ್ಮಶಾನವನ್ನು ಅಗೆಯುವಾಗ ಮೇಲ್ವಿಚಾರಣೆಗೆ ಅವನನ್ನು ನಿಲ್ಲಿಸಿದ್ದರು. ಆ ಕಾಲ ಗಾಥಿಕ್ ಪುನರುಜ್ಜೀವನದ ಉಚ್ಛ್ರಾಯ ಕಾಲ. 1834ರಲ್ಲಿ ಸುಟ್ಟುಹೋದ ಪಾರ್ಲಿಮೆಂಟ್ ಭವನವನ್ನು ಬ್ಯಾರಿ ಮತ್ತು ಪ್ಯೂಜಿನ್ ಗಾಥಿಕ್ ಶೈಲಿಯಲ್ಲಿಯೇ ಮತ್ತೆ ಕಟ್ಟಿದ್ದರು, ಹಳ್ಳಿಹಳ್ಳಿಯ ಚರ್ಚುಗಳನ್ನು ‘ಜೀರ್ಣೋದ್ಧಾರ’ದ ಹೆಸರಿನಲ್ಲಿ ಕೆಡವಿ ಕಟ್ಟಲಾಗುತ್ತಿತ್ತು. ಹಾರ್ಡಿ ಅಂಥ ಕೆಲಸಗಳಲ್ಲಿ ಸ್ವತಃ ಭಾಗಿಯಾಗಿದ್ದನು. ಮುಂದೆ 1906ರಲ್ಲಿ ಚರ್ಚುಗಳ ಜೀರ್ಣೋದ್ಧಾರದ ನೆನಪುಗಳನ್ನು ಬರೆದಾಗ ಆಗಿಹೋದ ನಷ್ಟಕ್ಕಾಗಿ ಮರುಗಿದ್ದಾನೆ.

ಈ ಅನುಭವ ‘ಜೂಡ್ ದಿ ಅಬ್‌ಸ್ಕ್ಯೂರ್’ನಲ್ಲಿ (1895) ತುಂಬಿದೆ. ಜೂಡ್ ಕಲ್ಲುಕುಟಿಗ. ವಿದ್ಯಾನಗರವಾದ ಕ್ರೈಸ್ಟ್‌ಮಿನ್‌ಸ್ಟರ್‌ಗೆ ಬಂದ ರಾತ್ರಿ ಅವನು ಕಾಲೇಜುಗಳ ಗೋಡೆಗಳನ್ನು ಬೆರಳಿನಿಂದ ಮುಟ್ಟುತ್ತ ನಡೆಯುತ್ತಾನೆ. ಸವೆದ ಆ ಕಲ್ಲುಗಳನ್ನು ದುರಸ್ತಿ ಮಾಡಲು ಅವನು ಬೇಕು, ಒಳಗೆ ಓದಲು ಬೇಡ. ‘ಟೆಸ್’ನಲ್ಲಿ (1891) ಮದುವೆಯ ರಾತ್ರಿ ತಂಗುವ ಹಳೆಯ ಬಂಗಲೆಯ ಮೆಟ್ಟಿಲ ಮೇಲೆ ಅವಳ ಪೂರ್ವಜೆಯರ ಕ್ರೂರ ಮುಖದ ಎರಡು ಚಿತ್ರಗಳಿವೆ. ತೆಗೆದುಹಾಕೋಣವೆಂದರೆ ಹಲಗೆಗಳನ್ನು ಗೋಡೆಯೊಳಗೇ ಕಟ್ಟಿಬಿಟ್ಟಿದ್ದಾರೆ. ವಂಶವನ್ನು ಗೋಡೆಯಿಂದ ಕೀಳಲಾಗದು ಎಂಬುದನ್ನು ಕಟ್ಟಡದ ಕೆಲಸ ಬಲ್ಲವನು ಮಾತ್ರ ಹೀಗೆ ಒಂದು ಗಾರೆಯ ವಿವರದಿಂದ ಹೇಳಬಲ್ಲನು.

‘ಡ್ರಾಕುಲಾ’ದಲ್ಲಿ ವಿಟ್ಬಿ ಮಠ ಏಕೆ ಬಂತು?

ಬ್ರಾಮ್ ಸ್ಟೋಕರ್ 1890ರ ಬೇಸಿಗೆಯಲ್ಲಿ ವಿಟ್ಬಿಯಲ್ಲಿ ತಂಗಿದ್ದನು. ಕಡಲ ಬಂಡೆಯ ಮೇಲಿನ ಮಠದ ಅವಶೇಷ, ಚರ್ಚು, ಅಲ್ಲಿಗೆ ಏರುವ 199 ಮೆಟ್ಟಿಲುಗಳು 1897ರ ಕಾದಂಬರಿಯಲ್ಲಿ ಸೇರಿದವು. ಇದಕ್ಕಿಂತ ನನಗೆ ಮುಖ್ಯವೆನಿಸುವುದು, ಇಡೀ ಅನಾಹುತ ಒಂದು ಮನೆ ಖರೀದಿಯ ಕಾಗದಪತ್ರದಿಂದ ಆರಂಭವಾಗುತ್ತದೆ ಎಂಬ ಸಂಗತಿ. ಜೊನಾಥನ್ ಹಾರ್ಕರ್ ವಕೀಲನಾಗಿ, ಲಂಡನ್ ಬಳಿಯ ಕಾರ್‌ಫ್ಯಾಕ್ಸ್ ಎಂಬ ಹಳೆಯ ಮನೆಯ ಕ್ರಯಪತ್ರಕ್ಕೆ ಸಹಿ ಹಾಕಿಸಲು, ಕೊಡಾಕ್ ಕ್ಯಾಮೆರಾದಲ್ಲಿ ಅದರ ಚಿತ್ರ ತೆಗೆದುಕೊಂಡು ಹೋಗುತ್ತಾನೆ. ದಪ್ಪ ಕಲ್ಲಿನ ಗೋಡೆ, ಎತ್ತರದಲ್ಲಿ ಕಂಬಿಯುಳ್ಳ ಕೆಲವೇ ಕಿಟಕಿ, ಪಕ್ಕದಲ್ಲಿ ಹಳೆಯ ಪ್ರಾರ್ಥನಾ ಮಂದಿರ ಎಂಬ ಅವನ ವರ್ಣನೆ ಕೊಳ್ಳುವವನಾದ ಡ್ರಾಕುಲಾನಿಗೆ ಬಹಳ ಹಿಡಿಸುತ್ತದೆ.

ಕೊನೆಗೆ ಮನೆ ಸುಡುವುದೋ ಬೀಳುವುದೋ ಅನಿವಾರ್ಯವೇ?

ಅನಿವಾರ್ಯವಲ್ಲ, ಆದರೆ ವಾಡಿಕೆ. ಒಟ್ರಾಂಟೊದ ಗೋಡೆಗಳು ಉರುಳುತ್ತವೆ, ಬರ್ತಾ ಹಚ್ಚಿದ ಬೆಂಕಿಗೆ ಥಾರ್ನ್‌ಫೀಲ್ಡ್ ಸುಡುತ್ತದೆ, ಸ್ಯಾಟಿಸ್ ಹೌಸ್ ಹಳೆಯ ಕಟ್ಟಡ ಸಾಮಗ್ರಿಯಾಗಿ ಹರಾಜಾಗುತ್ತದೆ, 1938ರ ‘ರೆಬೆಕಾ’ದ ಮ್ಯಾಂಡರ್ಲಿ ಬೂದಿಯಾಗುತ್ತದೆ. ನಿಜಜೀವನದಲ್ಲಿಯೂ ಹಾಗಾದದ್ದುಂಟು. ‘ವಾಥೆಕ್’ ಬರೆದ ವಿಲಿಯಂ ಬೆಕ್‌ಫರ್ಡ್, ವಾಸ್ತುಶಿಲ್ಪಿ ಜೇಮ್ಸ್ ವಯಟ್‌ನಿಂದ ಕಟ್ಟಿಸಿದ ಫಾಂಟ್‌ಹಿಲ್ ಅಬಿಯ ಮಹಾಗೋಪುರ 1825ರಲ್ಲಿ ಕುಸಿದುಬಿತ್ತು; ಅವನು ಮೂರು ವರ್ಷ ಮೊದಲೇ ಅದನ್ನು ಮಾರಿದ್ದನು. ಕೋನನ್ ಡಾಯ್ಲ್‌ನ ‘ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’ನಲ್ಲಿ (1901-02) ಮನೆ ಉಳಿಯುತ್ತದೆ, ಹೊಸ ಯಜಮಾನ ಸರ್ ಹೆನ್ರಿ ಬಂದಿಳಿದ ಸಂಜೆಯೇ, ಆರು ತಿಂಗಳೊಳಗೆ ಇಲ್ಲಿ ವಿದ್ಯುದ್ದೀಪಗಳ ಸಾಲು ಹಾಕಿಸುತ್ತೇನೆ ಎನ್ನುತ್ತಾನೆ.

ಕರ್ನಾಟಕದಲ್ಲಿರುವ ಓದುಗರು ಈ ವಾಸ್ತುಶಿಲ್ಪವನ್ನು ಎಲ್ಲಿ ನೋಡಬಹುದು?

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು 1930ರ ದಶಕದಲ್ಲಿ ಕಟ್ಟಲು ತೊಡಗಿದ, ಅವಳಿ ಗೋಪುರಗಳ ಪುನರುಜ್ಜೀವಿತ ಗಾಥಿಕ್ ಕಟ್ಟಡ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಕೂಡ ಅದೇ ಶೈಲಿಯದು. ಕಾದಂಬರಿಯಲ್ಲಿ ಓದಿದ ಚೂಪು ಕಮಾನು, ಪಟ್ಟಿಗಳ ಛಾವಣಿ, ಬಣ್ಣದ ಗಾಜು ಕಣ್ಣಿಗೆ ಕಟ್ಟಬೇಕಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ಇವುಗಳ ಒಳಗೆ ಸ್ವಲ್ಪ ಹೊತ್ತು ಕೂತರೆ ಸಾಕು. ಅಲ್ಲಿ ಭಯವಾಗುವುದಿಲ್ಲ, ಏಕೆಂದರೆ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಪಾಳುಮಠದ ಅನುಭವಕ್ಕೆ ಹತ್ತಿರದ್ದು ಬೇಕಿದ್ದರೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬೇಕು. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ, ಛಾವಣಿ ಕಳೆದುಕೊಂಡು ನಿಂತಿದೆ. ಮಳೆಗಾಲದಲ್ಲಿ ಕಮಾನುಗಳ ಮೇಲ್ಭಾಗ ಮಾತ್ರ ನೀರಿನ ಮೇಲೆ ಕಾಣುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು.

ಯಾವ ಕೃತಿಯಿಂದ ಓದು ಆರಂಭಿಸಬೇಕು?

‘ಜೇನ್ ಏರ್’ನಿಂದ. ಒಟ್ರಾಂಟೊ ಚಿಕ್ಕದಾದರೂ ಮೊದಲ ಓದಿಗೆ ರುಚಿಸುವುದು ಕಷ್ಟ, ಉಡಾಲ್ಫೊ ನಾಲ್ಕು ಸಂಪುಟಗಳಷ್ಟು ಉದ್ದ. ‘ನಾರ್ಥ್ಯಾಂಗರ್ ಅಬಿ’ಯನ್ನು ಉಡಾಲ್ಫೊದ ಕೆಲವು ಅಧ್ಯಾಯಗಳನ್ನಾದರೂ ಓದಿದ ನಂತರ ಕೈಗೆತ್ತಿಕೊಳ್ಳುವುದು ಒಳ್ಳೆಯದು. ಓದುವಾಗ ಒಂದು ಹಾಳೆಯ ಮೇಲೆ ಮನೆಯ ನಕ್ಷೆಯನ್ನು ಬರೆದುಕೊಳ್ಳುತ್ತ ಹೋಗಿ. ಥಾರ್ನ್‌ಫೀಲ್ಡ್‌ನ ಮೂರನೆಯ ಅಂತಸ್ತನ್ನು ಗುರುತಿಸುವಾಗ ಜೇನ್ ಮಲಗುವ ಕೋಣೆ ಯಾವುದರ ಕೆಳಗೆ ಬರುತ್ತದೆ, ಕೆಲಸದಾಕೆ ಗ್ರೇಸ್ ಪೂಲ್ ಬಿಯರ್ ಪಾತ್ರೆ ಹಿಡಿದು ಯಾವ ಬಾಗಿಲಿನೊಳಗೆ ಹೋಗುತ್ತಾಳೆ ಎಂಬುದನ್ನು ಅಲ್ಲಲ್ಲೇ ಬರೆದಿಟ್ಟುಕೊಳ್ಳಿ.